ಬಬಲೇಶ್ವರದ ಒಂದೂವರೆ ಅಡಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಬೇರೇನೋ ಕೆಲಸ ನೆನಪಾಗಿ ಎದ್ದು ಹೋಗಿದ್ದೇನೆ. ಈಗ ಎದ್ದು ಹೋಗುವಂಥ ಕೆಲಸಗಳು ಉಳಿದಿಲ್ಲ, ಮೊಣಕಾಲೂ ಬೇಗ ಏಳಗೊಡುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಓದಿದವರು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಇದನ್ನು ನನಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ದೆವ್ವ, ಪವಾಡ, ಬಿದ್ದ ಕನಸು ನಿಜವಾಯಿತು ಎನ್ನುವಂಥ ಮಾತುಗಳನ್ನು ನಾನು ಎಂದೂ ಒಪ್ಪಿದವನಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ. ಟಿಕೋಟಾದ ಹತ್ತಿರ ಕುಡಿಯುವ ನೀರಿನ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದೆ. ಪಂಪ್‌ಹೌಸಿನ ಹಿಂದೆಯೇ ಸುಡುಗಾಡು. ಅಲ್ಲಿ ಏನೋ ಓಡಾಡುತ್ತದೆ ಎಂದು ಯಾರಾದರೂ ಹೇಳಿದರೆ, ಅದಕ್ಕೂ ನೀರಡಿಕೆ ಆಗಿರಬೇಕು, ಕೊಡ ತಗೊಂಡು ಬಾ ಅನ್ರಿ ಎಂದು ನಗುತ್ತಿದ್ದೆ. ಮೋಟಾರ್ ಓಡಿದರೆ ನೀರು ಏರುತ್ತದೆ, ನಿಂತರೆ ಇಳಿಯುತ್ತದೆ. ಇದರಾಚೆಗೆ ಜಗತ್ತಿನಲ್ಲಿ ಏನಾದರೂ ಇದೆ ಎಂದು ನನಗೆ ಅನ್ನಿಸಿರಲಿಲ್ಲ.

ನಾನು ನಿವೃತ್ತನಾದ ಮೇಲೆ ಹಳ್ಳಿಹಳ್ಳಿಯ ನೀರಿನ ಟಾಕಿಗಳಿಗೆಲ್ಲ ಯಂತ್ರ ಕೂಡಿಸಿದರು. ಯಾವ ಟಾಕಿಯಲ್ಲಿ ಎಷ್ಟು ನೀರಿದೆ, ಯಾವ ಮೋಟಾರ್ ನಿಂತಿದೆ ಎಂಬುದೆಲ್ಲ ವಿಜಯಪುರದಲ್ಲಿ, ತೊರವಿಗೆ ಹೋಗುವ ರಸ್ತೆಯ ಒಂದು ಕೋಣೆಯಲ್ಲಿ, ಕಂಪ್ಯೂಟರಿನ ಮೇಲೆ ಕಾಣತೊಡಗಿತು. ಗುತ್ತಿಗೆ ಹಿಡಿದವರಿಗೆ ಕಂಪ್ಯೂಟರ್ ಬಲ್ಲವರು ಸಿಕ್ಕರು, ಯಾವ ಪೈಪು ಎಲ್ಲಿ ತಿರುಗುತ್ತದೆ ಎಂದು ಬಲ್ಲವರು ಸಿಗಲಿಲ್ಲ. ಹಾಗಾಗಿ ನನ್ನನ್ನು ಕರೆದರು. ದಿನಾ ಟಿಕೋಟಾದಿಂದ ಬಸ್ಸಿಗೆ ಬಂದು, ಪರದೆ ನೋಡುತ್ತ ಕೂತು, ಸಂಜೆ ಬಸ್ಸಿಗೆ ಮರಳುವುದು. ಕೀಲಿಮಣೆಯ ಮೇಲೆ ಒಂದೇ ಬೆರಳಿನಿಂದ ಒತ್ತುವುದನ್ನು ಅಲ್ಲಿಯೇ ಕಲಿತೆ.

ಒಂದು ಬೇಸಿಗೆಯಲ್ಲಿ ಆ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದು ಬಂತು. ಟಾಕಿಗಳ ಮೇಲೆ ನಿಗಾ ಇಡುವ ಪ್ರೋಗ್ರಾಮನ್ನು ಅದರಲ್ಲಿ ಮತ್ತೆ ಕೂಡಿಸಬೇಕಿತ್ತು. ಆ ಪ್ರೋಗ್ರಾಂ ತಾನು ಕಂಡದ್ದನ್ನೆಲ್ಲ ಬರೆದಿಡುವ ಜಾಗಕ್ಕೆ ಡೇಟಾಬೇಸ್ ಎನ್ನುತ್ತಾರೆ. ನಮ್ಮ ಕಾಲದ ರಿಜಿಸ್ಟರ್ ಎಂದುಕೊಂಡರೆ ಸಾಕು. ಆ ರಿಜಿಸ್ಟರನ್ನು ಪ್ರೋಗ್ರಾಂ ತಾನಾಗಿಯೇ ಹುಟ್ಟಿಸಿಕೊಳ್ಳಬೇಕು. ಎರಡು ದಿನ ಪ್ರಯತ್ನಿಸಿದರೂ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಹುಬ್ಬಳ್ಳಿಯಲ್ಲಿದ್ದ ಇಂಜಿನಿಯರ್ ಮೇಡಂ ಫೋನಿನಲ್ಲಿ ಹೇಳಿದರು: "ಕಾಕಾ, ತಾನಾಗೇ ಆಗವಲ್ದ್ರಿ. ಕೈಲೇ ಮಾಡ್ಬೇಕು. ನಾ ಹೇಳ್ತೀನಿ, ನೀವು ಹೊಡೀರಿ."

ಅವರು ಮಾಡಬೇಕಾದ್ದನ್ನೆಲ್ಲ ಬರೆದು ನನ್ನ ಫೋನಿಗೆ ಕಳಿಸಿದರು. ಸಣ್ಣ ಅಕ್ಷರ ಕಾಣದ್ದರಿಂದ ನಾನು ಅದನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಇಳಿಸಿಕೊಂಡೆ. ಮೊದಲು ಖಾಲಿ ಡೇಟಾಬೇಸ್ ಒಂದನ್ನು ಹುಟ್ಟಿಸಿ ಅದಕ್ಕೆ ಹೆಸರಿಡಬೇಕು. ಆಮೇಲೆ ಅದನ್ನು ಬಳಸುವವರ ಹೆಸರು, ಪಾಸ್‌ವರ್ಡ್. ಆಮೇಲೆ ಅವರಿಗೆ ಬರೆಯುವ ಅನುಮತಿ. ಕೊನೆಗೆ ಟಾಕಿಯ ನಂಬರ್, ನೀರಿನ ಮಟ್ಟ, ದಿನಾಂಕ, ವೇಳೆ ಎಂದು ಮನೆ ಹಾಕಿದ ಪಟ್ಟಿಗಳು. ಪ್ರತಿ ಸಾಲಿನ ಕೊನೆಗೆ ಚುಕ್ಕೆ ಮತ್ತು ಅದರ ಕೆಳಗೊಂದು ಕೊಂಡಿ ಹಾಕದಿದ್ದರೆ ಯಂತ್ರ ಏನೂ ಹೇಳದೆ ಸುಮ್ಮನೆ ಕೂತುಬಿಡುತ್ತದೆ. ನಾನೂ ಅದರೆದುರು ಸುಮ್ಮನೆ ಕೂತಿರುತ್ತಿದ್ದೆ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದ್ದು ಮುಗಿಯುವಾಗ ಒಂದು ಗಂಟೆ ದಾಟಿತ್ತು. ಫ್ಯಾನಿನ ಗಾಳಿಯೂ ಬಿಸಿಯಾಗಿತ್ತು. ಕಟ್ಟಿಕೊಂಡು ಬಂದ ರೊಟ್ಟಿ ಗಂಟು ಬಿಚ್ಚಿರಲಿಲ್ಲ.

ಟಾಕಿಗಳಿಂದ ಸುದ್ದಿ ಹಿಡಿಯುವ ಪೆಟ್ಟಿಗೆಯನ್ನು ಹೊಸ ಕಂಪ್ಯೂಟರಿಗೆ ಇನ್ನೂ ಜೋಡಿಸಿರಲಿಲ್ಲ. ಅದರ ತಂತಿ ಪ್ಲಾಸ್ಟಿಕ್ ಚೀಲದಲ್ಲೇ ಮೇಜಿನ ಮೇಲಿತ್ತು. ಟಾಕಿಗಳ ನಂಬರುಗಳನ್ನೂ ಹಾಕಿರಲಿಲ್ಲ. ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು, ಪಟ್ಟಿಯಲ್ಲಿ ಎಷ್ಟು ಸಾಲುಗಳಿವೆ ಎಂದು ಯಂತ್ರವನ್ನು ಕೇಳಿರಿ, ಸೊನ್ನೆ ಬರಬೇಕು ಎಂದರು ಮೇಡಂ. ಕೇಳಿದೆ.

"ಒಂದು ಅಂತೈತ್ರಿ ಮೇಡಂ."

"ಸೊನ್ನಿ ಇರ್ಬೇಕಲ್ರಿ ಕಾಕಾ. ಚಾಳೀಸ ಒರಸ್ಕೊಂಡು ನೋಡ್ರಿ."

ಕನ್ನಡಕ ಒರೆಸಿಕೊಂಡು ಮತ್ತೆ ಕೇಳಿದೆ. ಒಂದೇ. ಆ ಸಾಲನ್ನು ತೆರೆದು ನೋಡುವ ಬಗೆ ಹೇಳಿದರು. ತೆರೆದೆ. ಟಾಕಿ ನಂಬರ್ ಹದಿನಾಲ್ಕು. ಮಟ್ಟ ಒಂದೂವರೆ. ವೇಳೆ ಮೂರು ಐವತ್ತು. ದಿನಾಂಕದ ಜಾಗ ಖಾಲಿ. ಕೋಣೆಯ ಗಡಿಯಾರದಲ್ಲಿ ಆಗಿನ್ನೂ ಒಂದೂ ಕಾಲು.

ಹದಿನಾಲ್ಕು ಎಂದರೆ ನಮ್ಮ ಯೋಜನೆಯಲ್ಲಿ ಬಬಲೇಶ್ವರದ ಟಾಕಿ. ಈಗ ನೀರನ್ನು ಮೀಟರಿನಲ್ಲಿ ಅಳೆಯುತ್ತಾರೆ, ಒಂದೂವರೆ ಮೀಟರ್ ಎಂದರೆ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ನನಗೆ ಮಾತ್ರ ಅದು ಮೀಟರ್ ಅಲ್ಲ, ಅಡಿ ಎಂದು ಓದಿದ ಕೂಡಲೇ ತಿಳಿಯಿತು. ಹೇಗೆ ತಿಳಿಯಿತು ಎಂದು ಹೇಳಲು ಅದಕ್ಕೂ ಹದಿನೆಂಟು ವರ್ಷ ಹಿಂದಿನ ಇನ್ನೊಂದು ಮಧ್ಯಾಹ್ನದ ಮಾತು ಹೇಳಬೇಕು. ಇಷ್ಟು ವರ್ಷ ಮುಂದೂಡುತ್ತ ಬಂದದ್ದು ಅದನ್ನೇ.

ಆಗ ಯಂತ್ರಗಳಿರಲಿಲ್ಲ. ಪ್ರತಿ ಟಾಕಿಯ ಬುಡದಲ್ಲಿ ಒಬ್ಬ ಇರುತ್ತಿದ್ದ. ಗಂಟೆಗೊಮ್ಮೆ ಮಟ್ಟ ನೋಡಿ ಪಂಪ್‌ಹೌಸಿಗೆ ಫೋನ್ ಮಾಡುತ್ತಿದ್ದ. ನಾನು ರಿಜಿಸ್ಟರಿನಲ್ಲಿ ಬರೆಯಬೇಕು, ನೀರು ಕಡಿಮೆಯಾದರೆ ಆ ಕಡೆಯ ಮೋಟಾರ್ ಹಾಕಬೇಕು. ಫೋನಿನಲ್ಲಿ ನಾವು ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುತ್ತಿದ್ದೆವು. ನಾನು ಟಿಕೋಟಾ, ಬಬಲೇಶ್ವರದ ಟಾಕಿಯವನು ಬಬಲೇಶ್ವರ. ನಾನು ಕಾಯಂ ನೌಕರ, ಅವನು ದಿನಗೂಲಿ. ನನಗಿಂತ ಹತ್ತು ವರ್ಷ ಚಿಕ್ಕವನು. ಕಾಯಂ ಆಗುವವರ ಯಾದಿಯಲ್ಲಿ ಅವನ ಹೆಸರು ಆ ವರ್ಷವಷ್ಟೇ ಸೇರಿತ್ತು. ಅದನ್ನು ಅವನು ಫೋನಿನಲ್ಲಿ ಎರಡು ಸಲ ಹೇಳಿದ್ದ.

ನಮ್ಮಲ್ಲಿ ಒಂದು ರೂಢಿಯಿತ್ತು. ಊಟದ ಮುಂಚೆಯೇ ಸಂಜೆಯವರೆಗಿನ ಅಳತೆಗಳನ್ನು ಅಂದಾಜಿನ ಮೇಲೆ ಬರೆದಿಡುವುದು. ಇದಕ್ಕೆ ಮುಂಗಡ ಎನ್ನುತ್ತಿದ್ದೆವು. ಎಲ್ಲ ಆಪರೇಟರುಗಳೂ ಮಾಡುತ್ತಿದ್ದರು, ಸಾಹೇಬರುಗಳಿಗೂ ಗೊತ್ತಿತ್ತು. ಬರೆದದ್ದನ್ನು ತಿದ್ದಿದರೆ ಮಾತ್ರ ನೋಟೀಸು ಬರುತ್ತಿತ್ತು. ಅಂದು ನಾನು ಬಬಲೇಶ್ವರದ ಸಾಲಿನಲ್ಲಿ ಆರು ಗಂಟೆಯವರೆಗೂ ಹನ್ನೊಂದು ಅಡಿ, ಹನ್ನೊಂದು ಅಡಿ ಎಂದು ಬರೆದು ಮಲಗಿದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು. ಗಂಟೆ ತುಂಬುವ ಮೊದಲೇ ಅವನು ಫೋನ್ ಮಾಡಿದವನಲ್ಲ.

"ಟಿಕೋಟಾ, ದೀಡ ಫೂಟ ಉಳದೈತ್ರಿ. ಮೋಟಾರ್ ಹಾಕ್ರಿ ಗೌಡ್ರ, ಭರಭರ ಇಳ್ಯಾಕತ್ತೈತಿ."

ದೀಡ ಎಂದರೆ ಒಂದೂವರೆ. ನಾನು ಆತು ಬಿಡು ಎಂದೆ. ನಿದ್ದೆಗಣ್ಣಿನಲ್ಲಿ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಪೂರ್ತಿ ಕೇಳಿಸಿತ್ತು. ಮೋಟಾರ್ ಹಾಕಲು ಬಿಸಿಲಿನಲ್ಲಿ ಅಂಗಳ ದಾಟಬೇಕಿತ್ತು, ರಿಜಿಸ್ಟರಿನಲ್ಲಿ ಹನ್ನೊಂದು ಬರೆದಾಗಿತ್ತು. ಸ್ವಲ್ಪ ತಡೆದು ಹಾಕಿದರಾಯಿತು ಎಂದು ಮಗ್ಗುಲಾದೆ. ಎಚ್ಚರವಾದಾಗ ಹೊತ್ತು ಮುಳುಗಿತ್ತು.

ಟಾಕಿ ಬತ್ತಿ, ತಳದ ರಾಡಿ ಪೈಪಿಗೆ ಇಳಿದು, ಬಬಲೇಶ್ವರಕ್ಕೆ ಮೂರು ದಿನ ನೀರಿಲ್ಲದಂತಾಯಿತು. ಖಾಲಿ ಕೊಡ ಹಿಡಿದ ಜನ ಅವನನ್ನು ಸುತ್ತುಗಟ್ಟಿ ಅಂಗಿ ಹರಿದರು. ವಿಜಯಪುರದ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಸಾಹೇಬರ ಮುಂದೆ ರಿಜಿಸ್ಟರ್ ತೆರೆದಿತ್ತು. ನಾಲ್ಕು ಗಂಟೆಗೆ ಹನ್ನೊಂದು ಅಡಿ. ಅವನು ಎಷ್ಟು ಹೇಳಿದ ಎಂದು ನನ್ನನ್ನು ಕೇಳಿದರು. ಅವನು ನನ್ನ ಕಡೆ ತಿರುಗಿ, "ಗೌಡ್ರ, ನೀವ ಹೇಳ್ರಿ," ಎಂದ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ನಾನು ನಿಜ ಹೇಳುತ್ತೇನೆ ಎಂದೇ ಅವನು ತಿಳಿದಿದ್ದ.

"ಹನ್ನೊಂದು ಅಂದಾನ್ರಿ. ಅಂದದ್ದು ಬರದೇನಿ," ಎಂದೆ.

ಸಾಹೇಬರು ನನ್ನ ಮಾತನ್ನು ನಂಬಿದರು. ನನ್ನದನ್ನೇ ಏಕೆ ನಂಬಿದರು, ಅವನ ಓಣಿ ಯಾವುದು, ನನ್ನ ಓಣಿ ಯಾವುದು ಎಂಬುದೆಲ್ಲ ನನಗೆ ಆಗಲೂ ಗೊತ್ತಿತ್ತು. ಅದರ ಲಾಭ ಪಡೆದೆ. ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ಅವನು ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಹೋಗುತ್ತಾನೆಂದು ಕೇಳಿದೆ. ಒಂದೂವರೆ ಅಡಿ ಎಂಬ ಅಳತೆ ಯಾವ ಕಾಗದದಲ್ಲೂ ಬರಲಿಲ್ಲ. ಅದು ಇದ್ದದ್ದು ಅವನ ತಲೆಯಲ್ಲಿ ಮತ್ತು ನನ್ನ ತಲೆಯಲ್ಲಿ. ಮೂರು ಐವತ್ತು ಎಂಬ ವೇಳೆಯನ್ನಂತೂ ನಾನು ಹೆಂಡತಿಗೂ ಹೇಳಿರಲಿಲ್ಲ.

ಆ ಅಳತೆ ಈಗ ಕಂಪ್ಯೂಟರಿನ ಪರದೆಯ ಮೇಲಿತ್ತು. ಆಗಷ್ಟೇ ನನ್ನ ಕೈಯಿಂದಲೇ ಹುಟ್ಟಿದ ಖಾಲಿ ಪಟ್ಟಿಯಲ್ಲಿ.

ಮೇಡಂ ಆಚೆಯಿಂದ ಕರೆಯುತ್ತಿದ್ದರು. ಸಾಲಿನಲ್ಲಿ ಏನಿದೆ ಎಂದು ಓದಿ ಹೇಳಿದೆ. ಯಾವುದೋ ಪರೀಕ್ಷೆಗೆ ಹಾಕಿದ್ದು ಉಳಿದಿರಬೇಕು, ಅಳಿಸಿಬಿಡಿ ಎಂದರು. ಒಂದೇ ಸಾಲು, ಇದ್ದರೆ ಇರಲಿ ಬಿಡಿ ಎಂದೆ. ನನ್ನ ದನಿ ಅವರಿಗೆ ಬೇರೆಯಾಗಿ ಕೇಳಿಸಿರಬೇಕು.

"ಯಾರು ಬರದದ್ದು ಅಂತ ಗೊತ್ತಿಲ್ಲದ್ದನ್ನ ಹ್ಯಾಂಗ ಇಟ್ಕೊಳ್ಳೂದ್ರಿ ಕಾಕಾ? ನಿಮಗ ಗೊತ್ತೈತೇನು?"

ಆಗ ಗೊತ್ತಿದೆ ಎನ್ನಬಹುದಿತ್ತು. ಎಂದಿದ್ದರೆ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ನನ್ನ ನೌಕರಿ ಮುಗಿದಿತ್ತು, ಪಿಂಚಣಿ ಕಸಿದುಕೊಳ್ಳುವವರು ಯಾರೂ ಇರಲಿಲ್ಲ. ನನಗೆ ಭಯವೂ ಇರಲಿಲ್ಲ. ಸಾಕಾಗಿತ್ತು, ಅಷ್ಟೇ. ಬೆಳಗಿನಿಂದ ಒಂದೊಂದೇ ಅಕ್ಷರ ಒತ್ತಿ ಬೆರಳು ಸೋತಿತ್ತು, ಹಸಿವಾಗಿತ್ತು, ಮಾತು ಬೆಳೆಸುವುದು ಬೇಡವಾಗಿತ್ತು. ಅಂದು ಬಿಸಿಲಿನ ಅಂಗಳ ದಾಟದೆ ಮಗ್ಗುಲಾದಾಗಲೂ ಹೀಗೆಯೇ ಅನ್ನಿಸಿತ್ತು.

"ಇಲ್ರಿ," ಎಂದೆ.

ಅಳಿಸಲು ಮೇಡಂ ಹೇಳಿಕೊಟ್ಟ ಸಾಲನ್ನು ಒತ್ತಿದೆ. ಕೊನೆಗೆ ಚುಕ್ಕೆ, ಕೊಂಡಿ. ಮತ್ತೆ ಕೇಳಿದಾಗ ಯಂತ್ರ ಸೊನ್ನೆ ಎಂದಿತು. ಮೇಡಂ ಛಲೋ ಆತ್ರಿ, ಊಟ ಮಾಡ್ರಿ ಎಂದು ಫೋನ್ ಇಟ್ಟರು.

ರೊಟ್ಟಿ ಸೇರಲಿಲ್ಲ. ಮೂರು ಐವತ್ತರವರೆಗೆ ಆ ಪರದೆಯ ಮುಂದೆ ಕೂತೆ. ಏನೂ ಆಗಲಿಲ್ಲ. ನಾನೇ ದಣಿವಿನಲ್ಲಿ ಒತ್ತಿರಬಹುದೆಂದು ನೋಟ್‌ಬುಕ್ ತಿರುವಿದೆ. ಅಂಥ ಸಾಲು ಅದರಲ್ಲಿ ಇರಲಿಲ್ಲ. ಮೇಲಿನ ಬಾಣದ ಗುಂಡಿ ಒತ್ತಿದರೆ ಹಿಂದೆ ಒತ್ತಿದ್ದೆಲ್ಲ ಒಂದೊಂದಾಗಿ ಮತ್ತೆ ಕಾಣುತ್ತದೆ. ಬೆಳಗಿನ ಮೊದಲ ಸಾಲಿನವರೆಗೆ ಹೋದೆ. ನನ್ನ ತಪ್ಪುಗಳೆಲ್ಲ ಅಲ್ಲಿದ್ದವು, ಅದೊಂದು ಇರಲಿಲ್ಲ. ಮರುದಿನ ಟಾಕಿಗಳನ್ನು ಜೋಡಿಸಿದೆವು. ಬಬಲೇಶ್ವರದಿಂದ ಮೀಟರಿನ ಅಳತೆಗಳು ಸರಿಯಾಗಿ ಬರತೊಡಗಿದವು. ಅಂಥದ್ದು ಮತ್ತೆಂದೂ ಕಾಣಲಿಲ್ಲ.

ಎಂಟು ದಿನ ಬಿಟ್ಟು ಬಬಲೇಶ್ವರಕ್ಕೆ ಹೋದೆ. ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕೂದಲು ನನಗಿಂತ ಬೆಳ್ಳಗಾಗಿತ್ತು. ಗುರುತು ಹಿಡಿದು, "ಏನ್ರಿ ಗೌಡ್ರ, ಟಿಕೋಟಾನ ಬಬಲೇಶ್ವರಕ್ಕ ಹರದು ಬಂತಲ್ಲ," ಎಂದು ನಕ್ಕ. ಸೊಸೆಯನ್ನು ಕೂಗಿ ಚಹಾ ಮಾಡಿಸಿದ. ಹೊಸ ಯಂತ್ರದ ಬಗ್ಗೆ ಕೇಳಿದ. ಈಗ ಯಾರೂ ಫೋನ್ ಮಾಡಬೇಕಾಗಿಲ್ಲ, ಅದೇ ಅಳೆದು ಅದೇ ಬರೆದುಕೊಳ್ಳುತ್ತದೆ ಎಂದೆ. ಅವನು ಹಗ್ಗವನ್ನು ಪಕ್ಕಕ್ಕಿಟ್ಟ.

"ಅದು ಹೇಳಿದ್ದನ್ನ ಸಾಹೇಬರು ನಂಬ್ತಾರೇನ್ರಿ?"

ನಂಬುತ್ತಾರೆ ಎಂದೆ. ಛಲೋ ಆತು ಎಂದು ಮತ್ತೆ ಹಗ್ಗ ಕೈಗೆತ್ತಿಕೊಂಡ. ಆ ಸಾಲಿನ ವಿಷಯ ನನ್ನ ಬಾಯಿಗೆ ಬರಲಿಲ್ಲ. ಬಸ್ ನಿಲ್ದಾಣದವರೆಗೂ ನನ್ನ ಜೊತೆ ಬಂದ. ಅಲ್ಲಿ ನಿಂತಾಗ, ಏನಾದರೂ ಹೇಳುವುದಕ್ಕೆ ಬಂದಿದ್ದಿರೇನು ಎಂದು ಕೇಳಿದ. ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತಿ ಕೂತೆ.

ಮುಂದಿನ ವರ್ಷ ಅವನು ತೀರಿಕೊಂಡ. ನನಗೆ ತಿಳಿದದ್ದು ಹದಿನೈದು ದಿನದ ಮೇಲೆ. ಮಣ್ಣಿಗೂ ಹೋಗಲಾಗಲಿಲ್ಲ.

ಆ ಸಾಲು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದ ಒಬ್ಬಿಬ್ಬರಿಗೆ, ಅಳತೆಯ ಹಿಂದಿನ ಕಥೆ ಮುಚ್ಚಿಟ್ಟು, ಅದೊಂದನ್ನೇ ಹೇಳಿ ಕೇಳಿದ್ದೇನೆ. ಯಂತ್ರದಲ್ಲಿ ಹಳೆಯ ಕಸ ಇರುತ್ತದೆ ಎಂದರು. ಇರಬಹುದು, ಆದರೆ ಅದು ಹೊಸ ಯಂತ್ರ. ನನ್ನ ತಲೆಯಲ್ಲಿದ್ದದ್ದೇ ಕಣ್ಣಿಗೆ ಕಂಡಿರಬಹುದು ಎಂದುಕೊಳ್ಳೋಣವೆಂದರೆ, ಎಣಿಕೆಯಲ್ಲಿ ಒಂದು ಬಂದದ್ದನ್ನು ನಾನು ಮೇಡಂಗೆ ಓದಿ ಹೇಳಿದ್ದೆ, ಅಳಿಸಿದ ಮೇಲೆ ಅದು ಸೊನ್ನೆಯಾಯಿತು. ಇದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ. ಹೋಗಲಿ ಎಂಬ ಆಸೆಯೂ ಈಗ ಇಲ್ಲ.

ಎರಡು ಸಲ ನಾನು ದಾಖಲಾಗಗೊಡದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಅಂದು ಮಧ್ಯಾಹ್ನ ಮೂರು ಐವತ್ತಕ್ಕೆ ಬಬಲೇಶ್ವರದ ಟಾಕಿಯಲ್ಲಿ ಒಂದೂವರೆ ಅಡಿ ನೀರಿತ್ತು. ಹಾಗೆಂದು ಸರಿಯಾಗಿ ತಿಳಿಸಿದವನು ಭೀಮಶಿ ಶಿವಪ್ಪ ಕಾಂಬಳೆ.