ಮುಚ್ಚದ ಬಾಗಿಲಿನ ಓಬಳಪ್ಪ

ಕಡೂರಿನ ಸ್ಟೇಷನ್ ರಸ್ತೆಯ ವೃಷಭ ವಿಲಾಸ ಹೋಟೆಲಿಗೆ ಬೀಗವೇ ಇರಲಿಲ್ಲ. ರಸ್ತೆ ಅಗಲ ಮಾಡಲು ಕಟ್ಟಡ ಕೆಡವುವುದು ಖಾತ್ರಿಯಾಗಿ, ಸೀಲ್ ಹಾಕಲು ಬಂದ ಅಧಿಕಾರಿ ಬೀಗದ ಕೈ ಕೇಳಿದರು. ಮಾಲೀಕ ರಾಜಶೇಖರ್ ಬಾಗಿಲಲ್ಲಿ ನಿಂತಿದ್ದ ಓಬಳಪ್ಪನವರ ಮುಖ ನೋಡಿದರು.

ಓಬಳಪ್ಪನವರು ನಮ್ಮೂರು ಯಗಟಿಯವರು. ಆ ಹೋಟೆಲಿನ ರೂಮು ಗುಡಿಸುತ್ತ, ಪೆಟ್ಟಿಗೆ ಹೊರುತ್ತ ಮುದುಕರಾದವರು. ಕೆಲಸ ಕೇಳಲು ಮೊದಲ ಸಲ ಬಂದ ದಿನ, ಮುಚ್ಚಿದ ಬಾಗಿಲಿನ ಮುಂದೆ ಬೆಳಗಿನ ಚಳಿಯಲ್ಲಿ ಸುಮ್ಮನೆ ಕೂತಿದ್ದರಂತೆ. ರಾಜಶೇಖರ್ ತಂದೆ ಶಿವಮೂರ್ತಪ್ಪ ಬಾಗಿಲು ತೆಗೆದವರೇ ಗದರಿದರು.

"ಬಾಗ್ಲು ತಟ್ಟೋಕೆ ಏನಪ್ಪಾ ರೋಗ ನಿಂಗೆ?"

"ನಮ್ ಕೇರಿಯೋರು ನಿಮ್ಮಂಥೋರ ಬಾಗ್ಲು ಮುಟ್ಟಲ್ಲ ಸ್ವಾಮಿ, ದೂರ ನಿಂತು ಕೂಗ್ತೀವಿ. ಮಲಗಿರೋರನ್ನ ಹೆಂಗೆ ಕೂಗ್ಲಿ ಅಂತ ಕೂತ್ಕಂಡೆ."

ಶಿವಮೂರ್ತಪ್ಪ ಬಾಗಿಲನ್ನು ಗೋಡೆಯವರೆಗೂ ತಳ್ಳಿ ತೆರೆದರು. "ಹಂಗಾದ್ರೆ ಇನ್ಮೇಲೆ ಈ ಬಾಗ್ಲು ಮುಚ್ಚೋದೇ ಬ್ಯಾಡ. ನೀನೇ ನೋಡ್ಕಳೋ" ಎಂದರು.

ಓಬಳಪ್ಪನವರು ಹೂಂ ಅಂದರು. ಅಂದಿನಿಂದ ಬಾಗಿಲು ಮುಚ್ಚಲಿಲ್ಲ. ಚಿಕ್ಕಮಗಳೂರಿಗೆ ಹೋಗಲು ರೈಲಿಳಿದವರು ಯಾವ ಹೊತ್ತಿಗೆ ಬಂದರೂ ಒಳಗಿನ ತೇಗದ ಬೆಂಚಿನ ಮೇಲೆ ಕೂರುತ್ತಿದ್ದರು. ಕೆತ್ತನೆಯ ಬಾಲ್ಕನಿಯಿದ್ದ ಮಹಡಿಯಲ್ಲಿ ಮದುವೆ ದಿಬ್ಬಣಗಳು ಇಳಿದುಕೊಳ್ಳುತ್ತಿದ್ದವು. ಮುಂದೊಮ್ಮೆ ಕೆಂಪು ಗಾರೆ ಹಾಕಿಸುವಾಗ, ಬಾಗಿಲು ತೆರೆದಿದ್ದ ಹಾಗೆಯೇ ಗಾರೆಯವನು ಸುತ್ತಲ ನೆಲ ಎತ್ತರಿಸಿಬಿಟ್ಟ. ಆಮೇಲೆ ಬಾಗಿಲು ಅಲ್ಲಾಡುವಂತೆಯೇ ಇರಲಿಲ್ಲ. ಶಿವಮೂರ್ತಪ್ಪ ನೋಡಿ ನಕ್ಕರು, ಸರಿಮಾಡಿಸಲಿಲ್ಲ.

ಈಗ ಸೀಲ್ ಹಾಕಬೇಕೆಂದರೆ ಬಾಗಿಲು ಮುಚ್ಚಲೇಬೇಕು. ಅಧಿಕಾರಿಯ ಜೊತೆ ಬಂದಿದ್ದ ಕೆಲಸಗಾರ ಭೈರೇಶ್ ನೆಲ ಒಡೆಯಲು ಹಾರೆ ತಂದ. ಓಬಳಪ್ಪನವರು ಹೊಸ್ತಿಲ ಮೇಲೆ ಕೂತುಬಿಟ್ಟರು.

"ಏಳಜ್ಜೋ! ನಾಳೆ ಎಲ್ಲಾ ಬೀಳೋದೇ. ಒಂದಿನ ಮುಚ್ಚಿದ್ರೆ ಬಾಗ್ಲಿಗೇನು ಉಸಿರು ಕಟ್ತದಾ?"

"ಬೀಳ್ಸು ಕಣಪ್ಪಾ, ಬ್ಯಾಡ ಅನ್ನಲ್ಲ. ಮುಚ್ಬ್ಯಾಡ, ಅಷ್ಟೇಯ. ದೊಡ್ಡ ಯಜಮಾನ್ರಿಗೆ ಹೂಂ ಅಂದಿದೀನಿ."

ಭೈರೇಶ್ ಹಾರೆ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಕೊನೆಗೆ ರಾಜಶೇಖರ್, "ಒಳಗೇನೂ ಉಳ್ದಿಲ್ಲ ಸಾರ್. ಇವ್ರು ಹೇಳ್ದಂಗೇ ಇರ್ಲಿ" ಎಂದರು. ಅಧಿಕಾರಿ ಗೋಡೆಗೆ ನೋಟಿಸ್ ಅಂಟಿಸಿ ಹೊರಟರು.

ಮರುದಿನ ಜೆಸಿಬಿ ಮಹಡಿಯಿಂದ ಶುರುಮಾಡಿತು. ಮಧ್ಯಾಹ್ನದ ಹೊತ್ತಿಗೆ ಮುಂಬಾಗಿಲಿನ ಚೌಕಟ್ಟೊಂದೇ ಉಳಿಯಿತು. ಹಿಂದೆ ಹೋಟೆಲಿಲ್ಲ, ಬಾಗಿಲು ಮಾತ್ರ ತೆರೆದಿತ್ತು. ಓಬಳಪ್ಪನವರು ಕೈ ಎತ್ತಿ ಯಂತ್ರ ನಿಲ್ಲಿಸಿದರು. ಪಕ್ಕದಿಂದ ಇಟ್ಟಿಗೆಯ ರಾಶಿ ಹತ್ತಿ ಬಾಗಿಲಿನ ಹಿಂದೆ ಹೋದರು. ಹೆಗಲ ಟವೆಲಿನಿಂದ ಹೊಸ್ತಿಲ ಧೂಳು ಒರೆಸಿ, ದಾಟಿ, ಬೀದಿಗೆ ಬಂದರು.

"ಇನ್ಯಾರೂ ಒಳಗಿಲ್ಲ, ಬೀಳ್ಸ್ರಪ್ಪಾ" ಎಂದರು.