ಒಗೆಯುವ ಕಲ್ಲಿನ ಅಡಿಯಲ್ಲಿ

ದೆವ್ವ, ಮಾಟ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದ ಮನುಷ್ಯ ನಾನು. ಇದನ್ನು ಓದಿ ನೀವೂ ಹಾಗೆಯೇ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಚನ್ನಗಿರಿಯಲ್ಲಿ ನನ್ನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಹುಚ್ಚು ಮಾತ್ರ ಹಳೆಯ ಕಲ್ಲುಗಳದ್ದು. ಮೋಟಾರು ತಂದ ರೈತರನ್ನು ಕೂರಿಸಿಕೊಂಡು, ನಿಮ್ಮ ಕಡೆ ಕೆತ್ತನೆಯ ಕಲ್ಲೇನಾದರೂ ಇದೆಯೇ ಎಂದು ಕೇಳುತ್ತೇನೆ. ಇದೆ ಎಂದರೆ ಭಾನುವಾರ ಬೈಕು ಹತ್ತಿದೆ ಎಂದೇ ಲೆಕ್ಕ. ವೀರಗಲ್ಲು ಹುಡುಕಿಕೊಂಡು ಜಗಳೂರಿನವರೆಗೂ ಅಲೆದಿದ್ದೇನೆ. ಇಂಥ ಕಲ್ಲುಗಳ ಹಿಂಬದಿ ಚಪ್ಪಟೆಯಾಗಿರುತ್ತದೆ. ಜನ ಮುಖ ಕೆಳಗೆ ಮಾಡಿ ಹಾಸಿಕೊಂಡು ಬಟ್ಟೆ ಒಗೆಯುತ್ತಾರೆ. ಹಾಗಾಗಿ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹಿತ್ತಿಲ ಕಡೆಗೆ.

ನ್ಯಾಮತಿ ಹತ್ತಿರದ ಹಳ್ಳಿಯಲ್ಲಿ ಮಂಜಪ್ಪ ಎಂಬ ರೈತರ ಹಿತ್ತಿಲಲ್ಲಿ ಅಂಥದೊಂದು ಸಿಕ್ಕಿತು. ಮಣ್ಣಿನ ಮೇಲೆ ಕಾಣುತ್ತಿದ್ದ ಅಂಚಿಗೆ ಕೈಯಾಡಿಸಿದಾಗ, ಅಲ್ಲಿಯವರೆಗೂ ಬಂದಿದ್ದ ಕೆತ್ತಿದ ಬಳೆಗಳು ಬೆರಳಿಗೆ ತಗುಲಿದವು. ಬಳೆ ತೊಟ್ಟ ಕೈಯೇ ಗುರುತು: ಗಂಡನ ಚಿತೆಯೇರಿದ ಹೆಂಗಸಿನ ನೆನಪಿಗೆ ನಿಲ್ಲಿಸುತ್ತಿದ್ದ ಮಾಸ್ತಿಕಲ್ಲು. ಇದನ್ನು ಗುಡಿಯ ಮುಂದೆ ನಿಲ್ಲಿಸೋಣ ಎಂದೆ. ಮಂಜಪ್ಪನವರು ಒಪ್ಪಿದರು. ಒಪ್ಪದವರು ಅವರ ತೀರಿಹೋದ ತಮ್ಮನ ಹೆಂಡತಿ ಗೌರಮ್ಮ. ದಿನವೂ ಆ ಕಲ್ಲಿನ ಮೇಲೆ ಮನೆಮಂದಿಯ ಬಟ್ಟೆ ಒಗೆಯುತ್ತಿದ್ದವರು ಅವರೇ.

“ಅದನ್ನ ಎಬ್ಬಿಸಬ್ಯಾಡ್ರಿ. ನನಗೆ ಅದೊಂದೇ ಜತೆ ಐತೆ” ಎಂದರು. ನಾವೆಲ್ಲ ನಕ್ಕೆವು. ಅವರ ಮಾತಿಗೆ ಆ ಮನೆಯಲ್ಲಿ ಬೆಲೆಯಿಲ್ಲ ಎಂಬುದು ಹೊರಗಿನವನಾದ ನನಗೂ ಕಾಣುತ್ತಿತ್ತು.

ರಣಬಿಸಿಲಿನ ಮಧ್ಯಾಹ್ನ. ಹಾರೆ ಕೊಟ್ಟು ನಾಲ್ಕು ಜನ ತಿಣುಕಿ ಕಲ್ಲನ್ನು ಮಗುಚಿದೆವು. ಅಡಿಯ ಮಣ್ಣು ಗಚ್ಚಿನಂತೆ ಬಿಗಿದಿತ್ತು, ಇಲಿ ತೂರುವಷ್ಟೂ ಸಂದಿಯಿರಲಿಲ್ಲ. ಕಲ್ಲಿನಲ್ಲಿ ಕೆತ್ತಿದ್ದ ಹೆಂಗಸಿನ ಕೈಗೆ ಅರಿಸಿನ ಕುಂಕುಮ ಹಚ್ಚಿತ್ತು. ಒಂದು ಕನಕಾಂಬರ ಹೂವು ಅಂಟಿತ್ತು, ಬಾಡಿರಲಿಲ್ಲ. ನಾನು ಮುಟ್ಟಿದೆ. ಕುಂಕುಮ ಇನ್ನೂ ಹಸಿಯಾಗಿ ಬೆರಳಿಗೆ ಹತ್ತಿತು.

ಮಂಜಪ್ಪನವರು ಗೌರಮ್ಮನ ಕಡೆ ತಿರುಗಿದರು. “ಏನಿದು? ಮನೆಗೆ ಏನ್ ಮಾಡಿಟ್ಟೀಯ?” ಬೇಲಿಯಾಚೆ ಆಗಲೇ ಯಾರೋ ಮಾಟ ಎಂದು ಗೊಣಗುತ್ತಿದ್ದರು. ಆ ಮಾತು ಊರು ಸುತ್ತಿದರೆ ಗೌರಮ್ಮನಿಗೆ ಮನೆಯಲ್ಲಷ್ಟೇ ಅಲ್ಲ, ಊರಲ್ಲೂ ಜಾಗವಿಲ್ಲ. ಇದಕ್ಕೆಲ್ಲ ನಾನೇ ಕಾರಣನಾದೆನಲ್ಲ ಎಂದು ಸಂಕಟವಾಯಿತು.

ಗೌರಮ್ಮ ಅಳಲಿಲ್ಲ. “ಎತ್ತಾಕೆ ನೀವೇ ನಾಲ್ಕು ಮಂದಿ ತಿಣುಕಿದ್ರಿ. ನಾನೊಬ್ಬಾಕಿ ಹೆಂಗೆ ಇಡ್ಲಿ, ಭಾವ?” ಎಂದರು. ಆಕೆ ಬಗ್ಗಿ, ಆ ಕುಂಕುಮವನ್ನು ಬೆರಳಿಂದ ತೆಗೆದು, ಎಲ್ಲರೆದುರೇ ತನ್ನ ಬೋಳು ಹಣೆಗೆ ಇಟ್ಟುಕೊಂಡರು. ಗುಡಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕಲ್ಲನ್ನು ಇದ್ದ ಹಾಗೆಯೇ ಮಲಗಿಸಿದೆವು. ಕೆತ್ತನೆಯ ಕೆಳಗೆ ಒಂದೆರಡು ಸಾಲು ಅಕ್ಷರಗಳಿದ್ದವು; ಅವನ್ನು ಓದಬೇಕೆಂಬುದೇ ನನಗೆ ಮರೆತುಹೋಗಿತ್ತು.

ಮೋಟಾರು ಬಿಚ್ಚಿ ಸುಟ್ಟ ತಂತಿ ಹುಡುಕುವಂತೆ ಎಷ್ಟೋ ಸಲ ಯೋಚಿಸಿದ್ದೇನೆ. ಏನೂ ಸಿಕ್ಕಿಲ್ಲ. ಈಗಲೂ ಒಗೆಯುವ ಕಲ್ಲು ಕಂಡರೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ಈಚೆಗೆ ಮಂಜಪ್ಪನವರು ಅಂಗಡಿಗೆ ಬಂದಿದ್ದರು. ಗೌರಮ್ಮ ಹೇಗಿದ್ದಾರೆ ಎಂದು ಕೇಳಿದೆ. ಅವರು ದನಿ ತಗ್ಗಿಸಿ ಹೇಳಿದರು: “ಮುಂಜಾನೆ ಬೋಳು ಹಣೇಲೇ ಬಟ್ಟೆ ಒಗಿಯಾಕೆ ಹೋಗ್ತಾಳ್ರಿ. ಒಳಗೆ ಬರುವಾಗ ಕುಂಕುಮ ಇರ್ತೈತೆ. ನಾವ್ಯಾರೂ ಕೇಳಾಕೆ ಹೋಗಿಲ್ಲ.”