ರುಚಿ ನೋಡದೆ ಹಾಕಿದ ಉಪ್ಪು

ಪ್ಯಾಕೆಟ್ಟಿನ ಮೇಲೆ ಹಸುವಿನ ಚಿತ್ರವಿತ್ತು. ಹಸಿರು ಹುಲ್ಲು, ಹಿಂದೆ ಒಂದು ಗುಡ್ಡ, ಮುಂದೆ ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಕಂದು ಹಸು. ನಮ್ಮ ಕಡೆ ಪ್ಯಾಕೆಟ್ಟಿನ ಮೇಲೆ ಹಸು ಇದ್ದರೆ ಒಳಗೆ ಹಾಲಿರುತ್ತದೆ, ತುಪ್ಪವಿರುತ್ತದೆ, ಮೂಟೆಯಾದರೆ ಬೂಸಾ ಇರುತ್ತದೆ. ಫ್ರಿಜ್ಜಿನಿಂದ ತೆಗೆದು ತಿರುಗಿಸಿ ನೋಡಿದೆ. ಒಳಗೆ ಶ್ಯಾವಿಗೆ ಒತ್ತಿದ ಹಾಗೆ ಎಳೆ ಎಳೆಯಾಗಿ ಕೊಚ್ಚಿದ ಕೆಂಪು ಮಾಂಸ. ಕೈ ತಣ್ಣಗಾಯಿತು. ಅದು ಫ್ರಿಜ್ಜಿನ ತಣುಪೋ ನನ್ನದೋ ಗೊತ್ತಾಗಲಿಲ್ಲ.

"ಅದೇ. ಇವತ್ತಿನ ಟೀಗೆ ಅದನ್ನೇ ಮಾಡು" ಎಂದರು ಕುರ್ಚಿಯಲ್ಲಿ ಕೂತಿದ್ದ ಇಯಾನ್. ಸ್ಕಾಟ್ಲೆಂಡಿನ ಈ ಕಡೆ ಟೀ ಅಂದರೆ ಕುಡಿಯುವ ಚಹಾ ಮಾತ್ರವಲ್ಲ, ಸಂಜೆ ಐದೂವರೆಗೆ ಮಾಡುವ ಊಟ.

ನಾನು ಅಕ್ಕಿಹೆಬ್ಬಾಳಿನ ಕುಲುಮೆ ಆಚಾರ್ರ ಮನೆಯ ಹುಡುಗಿ, ಭಾಗ್ಯ. ಹುಡುಗಿ ಎಂದರೆ ಈಗ ನಲವತ್ತರ ಹತ್ತಿರ. ಪಾಂಡವಪುರದ ಒಂದು ಆಸ್ಪತ್ರೆಯಲ್ಲಿ ಹದಿಮೂರು ವರ್ಷ ನರ್ಸಾಗಿದ್ದು, ಮೂರು ವರ್ಷದ ಹಿಂದೆ ಇಲ್ಲಿಗೆ ಬಂದೆ. ಇಲ್ಲಿ ನನ್ನ ಕೆಲಸ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವುದು. ಮಾತ್ರೆ ಕೊಡಬೇಕು, ಸ್ನಾನ ಮಾಡಿಸಬೇಕು, ಸಂಜೆಯಾದರೆ ಅಡುಗೆ. ಒಂದು ಮನೆಗೆ ಮುಕ್ಕಾಲು ಗಂಟೆ. ಅಷ್ಟರೊಳಗೆ ಎಲ್ಲ ಮುಗಿಯಬೇಕು.

ಇಯಾನ್ ಬಸ್ಸು ಓಡಿಸುತ್ತಿದ್ದವರು. ಈಗ ಎರಡೂ ಕೈ ನಡುಗುತ್ತವೆ, ಚಾಕು ಹಿಡಿಯಲಾಗದು. ಎಂಬತ್ತೆರಡು ವರ್ಷದ ಮನುಷ್ಯನನ್ನು ಹೆಸರು ಹಿಡಿದು ಕರೆಯಬೇಕು. ಇಲ್ಲದಿದ್ದರೆ ಅವರಿಗೆ ಕೋಪ. ನಮ್ಮೂರಿನಲ್ಲಿ ಹಾಗೆ ಕರೆದಿದ್ದರೆ ಅವ್ವ ಕಪಾಳಕ್ಕೆ ಬಾರಿಸುತ್ತಿದ್ದಳು. ಹಾಗಾಗಿ ಬಾಯಲ್ಲಿ ಇಯಾನ್, ಮನಸ್ಸಿನಲ್ಲಿ ಅಜ್ಜ ಎಂದು ಒಪ್ಪಂದ ಮಾಡಿಕೊಂಡೆ.

ತೀರಿಕೊಂಡ ಹೆಂಡತಿ ಜೀನ್ ಬರೆದಿಟ್ಟ ಒಂದು ಚೀಟಿ ಅವರ ಫ್ರಿಜ್ಜಿನ ಬಾಗಿಲಲ್ಲಿದೆ. ವಾರದ ಅಡುಗೆಯ ಪಟ್ಟಿ ಅದು. ಸೋಮವಾರ ಮಿನ್ಸ್ ಮತ್ತು ಟ್ಯಾಟೀಸ್. ಮಿನ್ಸ್ ಅಂದರೆ ಆ ಕೊಚ್ಚಿದ ದನದ ಮಾಂಸ, ಟ್ಯಾಟೀಸ್ ಅಂದರೆ ಆಲೂಗಡ್ಡೆ. ಈರುಳ್ಳಿ ಬಾಡಿಸಿ, ಮಾಂಸ ಹುರಿದು, ಕ್ಯಾರೆಟ್ ಹಾಕಿ ಬೇಯಿಸಿ, ಪಕ್ಕದಲ್ಲಿ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ ಇಟ್ಟರೆ ಮುಗಿಯಿತು. ಮಂಗಳವಾರ ಮಿಕ್ಕ ಮಿನ್ಸಿನ ಮೇಲೆ ಅದೇ ಆಲೂಗಡ್ಡೆ ಬಳಿದು ಓವನ್ನಿಗೆ. ಗುರುವಾರ ಟೊಮೆಟೊ ಜೊತೆ ಬೇಯಿಸಿ ಉದ್ದ ಶ್ಯಾವಿಗೆಯಂಥ ಸ್ಪಗೆಟ್ಟಿಯ ಮೇಲೆ. ದುಡಿದು ಬಂದವರು ಅರ್ಧ ಗಂಟೆಯಲ್ಲಿ ಮಾಡಿ ಉಣ್ಣುವ ಅಡುಗೆ. ನಮ್ಮಲ್ಲಿ ಗದ್ದೆಯಿಂದ ಬಂದವರು ಒಲೆ ಮೇಲೆ ಎಸರಿಟ್ಟು ಮುದ್ದೆ ತೊಳಸಿ, ಉಪ್ಸಾರು ಮಾಡುವಷ್ಟೇ ಸಲೀಸು.

ಬೇಡ ಎನ್ನಬಹುದಿತ್ತು. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಕೆಲಸಕ್ಕೆ ಸೇರುವಾಗ ಕೊಟ್ಟ ಫಾರಮ್ಮಿನಲ್ಲಿ 'ನೀವು ಮುಟ್ಟದ ಆಹಾರ ಯಾವುದಾದರೂ ಇದೆಯೇ' ಎಂಬ ಸಾಲಿತ್ತು. ಬರೆದರೆ ಕೆಲಸ ಕೊಡುವುದಿಲ್ಲವೇನೋ, ವೀಸಾ ಕೈತಪ್ಪುತ್ತದೇನೋ ಎಂದು ಹೆದರಿ ಖಾಲಿ ಬಿಟ್ಟೆ. ಜೊತೆಗೆ ಸೇರಿದ್ದ ಗುಜರಾತಿನ ಹುಡುಗಿ ಬರೆದಳು. ಅವಳಿಗೆ ಮಾಂಸ ತಿನ್ನದವರ ಮನೆಗಳನ್ನೇ ಹುಡುಕಿ ಕೊಟ್ಟರು. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ.

ಅಪ್ಪ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ ಬಡಿದು ಗೊರಸಿನ ಅಳತೆಗೆ ಲಾಳ ಮಾಡಿ, ಎತ್ತನ್ನು ಹಗ್ಗದಲ್ಲಿ ಕೆಡವಿ, ಮೊದಲು ಅದರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಮೊಳೆ ಹೊಡೆಯುತ್ತಿದ್ದರು. ಹೇಮಗಿರಿಯ ದನಗಳ ಜಾತ್ರೆಗೆ ಮುಂಚಿನ ವಾರವಂತೂ ಅವರಿಗೆ ಊಟಕ್ಕೂ ಪುರಸೊತ್ತಿರುತ್ತಿರಲಿಲ್ಲ. ಎತ್ತಿನ ಕಾಲು ಹಿಡಿದು ಅನ್ನ ತಿಂದವರು ನಾವು. ಮುದಿಯಾದ ಎತ್ತನ್ನು ಯಾರಿಗೆ ಮಾರಿದರು, ಅದು ಎಲ್ಲಿಗೆ ಹೋಯಿತು ಎಂದು ಅಪ್ಪ ಮಾತ್ರ ಯಾವತ್ತೂ ಕೇಳುತ್ತಿರಲಿಲ್ಲ. ಅದನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗಿಲ್ಲ.

ಮೊದಲ ದಿನ ಪ್ಯಾಕೆಟ್ಟು ಹರಿಯುವ ಮುಂಚೆ ನನ್ನ ಕೈ ತಾನಾಗಿ ಅದನ್ನು ಮುಟ್ಟಿ ಕಣ್ಣಿಗೆ ಹೋಯಿತು. ಇಯಾನ್ ನೋಡಿ, "ಪ್ರಾರ್ಥನೆಯಾ?" ಎಂದರು. "ಅಯ್" ಎಂದೆ. ಅಯ್ ಅಂದರೆ ಇಲ್ಲಿ ಹೂಂ. ನಾನು ಇಲ್ಲಿ ಕಲಿತ ಮೊದಲ ಮಾತು ಅದೇ.

ಈಗ ಉಪ್ಪಿನ ವಿಚಾರ. ಬಾಯಿಗಿಡದೆ ಉಪ್ಪು ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬೇರೆಯವರಿಗೆ ಅದು ಕಷ್ಟವಿರಬಹುದು, ನನಗಲ್ಲ. ನಮ್ಮ ಮನೆಯಲ್ಲಿ ದೇವರ ಎಡೆಗೆ, ಹಿರಿಯರ ಎಡೆಗೆ ಮಾಡುವ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು. ಹತ್ತು ವರ್ಷದವಳಿದ್ದಾಗಿನಿಂದ ಅವ್ವ ನನ್ನನ್ನು ಒಲೆ ಮುಂದೆ ನಿಲ್ಲಿಸಿ ಕಲಿಸಿದ್ದಳು. ಮೂರು ಬೆರಳಲ್ಲಿ ಎಷ್ಟು, ಅಂಗೈಯಲ್ಲಿ ಎಷ್ಟು, ಕುದಿ ಬಂದಾಗ ಏಳುವ ವಾಸನೆಯಲ್ಲಿ ಉಪ್ಪು ಕಮ್ಮಿಯಾದದ್ದು ಹೇಗೆ ತಿಳಿಯುತ್ತದೆ, ಎಲ್ಲ. ಆ ವಿದ್ಯೆಯನ್ನೇ ಮಿನ್ಸಿಗೆ ಹಾಕಿದೆ. ಬಾಣಲೆಯ ಮೇಲೆ ಬಗ್ಗಿ, ಉಗಿಯ ವಾಸನೆ ಹಿಡಿದು, ಮೂರು ಬೆರಳಲ್ಲಿ ಉಪ್ಪು ಬಿಟ್ಟೆ.

ಇಯಾನ್ ತಟ್ಟೆ ಬಳಿದು ತಿಂದರು. ಎರಡನೇ ವಾರ ಚಮಚ ಕೆಳಗಿಟ್ಟು, "ಜೀನ್ ಹೋದ ಮೇಲೆ ಉಪ್ಪು ಸರಿಯಾಗಿ ಹಾಕಿದವಳು ನೀನೊಬ್ಬಳೇ. ಅದೂ ಒಂದು ಸಲವೂ ರುಚಿ ನೋಡದೆ!" ಎಂದು ಕಣ್ಣೊರೆಸಿಕೊಂಡರು. ನನಗೆ ಹಿಗ್ಗಾಯಿತು. ಎಷ್ಟು ಹಿಗ್ಗೆಂದರೆ ಬಸ್ ಸ್ಟಾಪಿನವರೆಗೆ ಕುಣಿಯುತ್ತಲೇ ಹೋದೆ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಹಿಗ್ಗು ನನಗೇ ಅಸಹ್ಯವಾಯಿತು.

ನನ್ನದು ಕ್ಷೌರದಂಗಡಿಯ ಮೇಲಿನ ಒಂದು ಕೋಣೆ. ಚಳಿಗಾಲದಲ್ಲಿ ಮೂರೂವರೆಗೆಲ್ಲ ಕತ್ತಲು. ನಮ್ಮೂರಲ್ಲಿ ಆ ಹೊತ್ತಿಗೆ ದನಗಳಿನ್ನೂ ಹೊಳೆಯಿಂದ ಮನೆಗೆ ಬಂದಿರುವುದಿಲ್ಲ. ಒಗ್ಗರಣೆ ಹಾಕಿದರೆ ಚಾವಣಿಯ ಹೊಗೆಗಂಟೆ ಇಡೀ ಬೀದಿಗೆ ಕೇಳುವ ಹಾಗೆ ಬಡಿದುಕೊಳ್ಳುತ್ತದೆ. ಹಾಗಾಗಿ ಸಾಸಿವೆ ಸಿಡಿಸುವ ಮುಂಚೆ ಕಿಟಕಿ ತೆಗೆದು, ಸ್ವೆಟರ್ ತೊಟ್ಟು ನಿಲ್ಲುತ್ತೇನೆ. ಮಾತಾಡಲು ಯಾರೂ ಇಲ್ಲದ ಭಾನುವಾರಗಳಲ್ಲಿ ಸೋಮವಾರ ಬರಲಿ ಎಂದು ಕಾಯುತ್ತೇನೆ. ಸೋಮವಾರವೆಂದರೆ ಇಯಾನ್, ಇಯಾನ್ ಎಂದರೆ ಮಿನ್ಸ್.

ಅವ್ವನಿಗೆ ಬೆಳಿಗ್ಗೆ ಫೋನು ಮಾಡುತ್ತೇನೆ. ಅಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಅಣ್ಣ, ಅತ್ತಿಗೆ, ಮಕ್ಕಳ ಗಲಾಟೆಯ ನಡುವೆ ಅವಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ನೆನ್ನೆ ಏನ್ ಮಾಡಿದ್ದೆ ಆ ತಾತಂಗೆ?"

"ಆಲೂಗಡ್ಡೆ ಕಣವ್ವ."

"ಬರೀ ಆಲೂಗಡ್ಡೆನೇ ತಿಂದು ಎಂಗ್ ಬದುಕವ್ನೋ ಪಾಪ! ಪಲ್ಯದ್ ಪುಡಿ ಕಳುಸ್ತೀನಿ, ಒಸಿ ಉದುರ್ಸು."

ಕಳಿಸಿಯೂ ಬಿಟ್ಟಳು, ಒಂದು ಡಬ್ಬಿ ತುಂಬ. ತಟ್ಟೆಯಲ್ಲಿ ಅರ್ಧ ಆಲೂಗಡ್ಡೆಯೇ ಅಲ್ಲವೇ, ಪೂರ್ತಿ ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಪುಡಿಯನ್ನು ಮಿನ್ಸಿಗೆ ಹಾಕಲಿಲ್ಲ, ಅಷ್ಟು ಗೆರೆ ಎಳೆದುಕೊಂಡಿದ್ದೆ. ಅವ್ವನೋ, ಕೇರಿಯವರ ಮುಂದೆಲ್ಲ "ನನ್ ಮಗಳ ಕೈಯೂಟಕ್ಕೆ ಆ ದೊರೆನೂ ಒಗ್ಗೋಗವ್ನೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅತ್ತಿಗೆ ಫೋನಿನಲ್ಲಿ ಅದನ್ನು ಹೇಳಿ ನಕ್ಕಾಗ ನಾನೂ ನಕ್ಕೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಎರಡನೇ ಚಳಿಗಾಲದ ಒಂದು ಸಂಜೆ ನೆನೆದು ನಡುಗುತ್ತ ಇಯಾನರ ಮನೆಗೆ ಹೋದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಈರುಳ್ಳಿಯ ಜೊತೆ ಮಿನ್ಸ್ ಹುರಿದು ಕಂದಾಗುವ ಹೊತ್ತಿಗೆ ನನ್ನ ಬಾಯಲ್ಲಿ ನೀರೂರಿತು. ತಿನ್ನಲಿಲ್ಲ. ಆದರೆ ಊರಿದ್ದು ಊರಿತು. ಸಿಂಕಿನಲ್ಲಿ ಉಗಿದು ಬಾಯಿ ಮುಕ್ಕಳಿಸಿದೆ. ಉಗಿದರೆ ಹೋಗುವಂಥದ್ದೇ ಅದು?

ಈ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋದೆ. ಅಪ್ಪ ಹೋಗಿ ಆರು ವರ್ಷ. ಎಡೆಯ ದಿನ ಬೆಳಿಗ್ಗೆ ಅತ್ತಿಗೆ ಒಳಗೆ ಬರುವ ಹಾಗಿರಲಿಲ್ಲ, ಹೊರಗಾಗಿದ್ದಳು. ಅವ್ವ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ, ಉಪ್ಪಿನ ಜಾಡಿಯನ್ನು ನನ್ನ ಮುಂದಿಟ್ಟಳು.

"ಈ ಸಲ ನೀನೇ ಮಾಡು ಮಗಾ. ನನ್ ಬೆರಳು ಮಡಿಚಕ್ಕಾಯ್ತಿಲ್ಲ, ಕೈ ಅಳತೆ ಕೆಟ್ಟೋಗದೆ. ನಿಮ್ಮಪ್ಪಂಗೆ ನಿನ್ ಕೈಯ ಸಾರು ಅಂದ್ರೆ ಪಿರೂತಿ."

ಬೇಳೆ ಕುದಿಯುತ್ತಿತ್ತು. ಜಾಡಿಯ ಮುಚ್ಚಳ ತೆಗೆದೆ, ಮೂರು ಬೆರಳು ಒಳಗಿಟ್ಟೆ. ಅಲ್ಲಿಗೇ ನಿಂತಿತು ಕೈ. ಅಪ್ಪನ ಎಡೆಗೆ ಈ ಕೈಯಲ್ಲಿ ಉಪ್ಪು ಹಾಕಬೇಕು. ಹೇಳದೆ ಹಾಕಿದರೆ ಅಪ್ಪನಿಗೆ ಮೋಸ, ಹೇಳಿದರೆ ಅವ್ವನ ಎದೆ ಒಡೆಯುತ್ತದೆ.

"ಅವ್ವ, ಆ ತಾತಂಗೆ ನಾನು ಬರೀ ಆಲೂಗಡ್ಡೆ ಮಾಡ್ತಿರಲಿಲ್ಲ. ದನದ್ ಮಾಂಸನೂ ಮಾಡ್ತಿದ್ದೆ."

ಅವ್ವ ಒಲೆಯ ಉರಿ ಸಣ್ಣ ಮಾಡಿದಳು. "ಎಷ್ಟ್ ದಿನದಿಂದ?"

"ಅಲ್ಲಿಗೆ ಓದಾಗ್ನಿಂದ."

"ನೀನು ತಿಂದ್ಯಾ?"

"ಇಲ್ಲ ಕಣವ್ವ. ನಿನ್ನಾಣೆಗೂ ಇಲ್ಲ. ನಾಲ್ಗೆ ಮೇಲೂ ಇಟ್ಟಿಲ್ಲ."

"ರುಚಿ ನೋಡ್ದೆ ಎಂಗ್ ಮಾಡ್ತಿದ್ದೆ ಮತ್ತೆ?"

ಅವಳು ಸುಮ್ಮನೆ ಕೇಳಿದ್ದು, ಅಡುಗೆಯವಳು ಅಡುಗೆಯವಳನ್ನು ಕೇಳುವ ಹಾಗೆ. ನಾನು ಸುಳ್ಳು ಹೇಳಬಹುದಿತ್ತು. ಮೂರು ವರ್ಷ ಹೇಳಿ ಅಭ್ಯಾಸವಿತ್ತು.

"ಎಡೆಗೆ ಮಾಡ್ದಂಗೆ ಕಣವ್ವ. ನೀನ್ ಕಲಿಸಿದ್ಯಲ್ಲ, ಅಂಗೇ."

ಅವ್ವ ನನ್ನ ಕೈಯನ್ನು ಜಾಡಿಯಿಂದ ಮೆಲ್ಲಗೆ ಹೊರಗೆ ತೆಗೆದಳು. ಬೆರಳಿಗೆ ಅಂಟಿದ್ದ ಉಪ್ಪನ್ನು ತನ್ನ ಸೆರಗಿನಿಂದ ಒರೆಸಿ, "ಆಚೆ ಓಗಿ ಕಾಯಿ ತುರಿ ಓಗು" ಎಂದಳು. ಆಮೇಲೆ ನೆನಪಾದವಳಂತೆ, "ಬ್ಯಾಡ ಬುಡು, ಕಾಯಿ ನಾನೇ ತುರ್ಕೊಂತೀನಿ" ಎಂದಳು.

ನಾನು ಹೊಸ್ತಿಲಾಚೆ ಕೂತೆ. ಒಳಗೆ ಅವ್ವ ಒಬ್ಬಳೇ ಮಾಡಿದಳು. ಮಡಚಲಾಗದ ಬೆರಳಲ್ಲಿ ಉಪ್ಪು ಹಿಡಿಯುವುದು, ಅದು ಉದುರುವುದು, ಮತ್ತೆ ಹಿಡಿಯುವುದು ಎಲ್ಲ ಕಾಣುತ್ತಿತ್ತು. ಸಾರು ಉಕ್ಕಿ ಕುದಿಯಿತು. ಆ ವಾಸನೆ ಹೊಸ್ತಿಲು ದಾಟಿ ಬಂದ ತಕ್ಷಣ ನನಗೆ ತಿಳಿಯಿತು, ಉಪ್ಪು ಎರಡರಷ್ಟು ಬಿದ್ದಿದೆ. ಒಂದು ಮಾತು ಸಾಕಿತ್ತು, ಒಂದು ಚೊಂಬು ನೀರು, ಇನ್ನೊಂದಿಷ್ಟು ಬೇಳೆ. ಯಾವ ಮುಖವಿಟ್ಟುಕೊಂಡು ಹೇಳಲಿ?

ಅಣ್ಣ ಎಡೆ ಇಟ್ಟು, ಅಪ್ಪನ ಸುತ್ತಿಗೆಗೆ ಹೂ ಏರಿಸಿ, ಬಾಗಿಲು ಮುಂದಕ್ಕೆಳೆದು ಬಂದ. ಅಪ್ಪ ಬಂದು ಉಣ್ಣಲೆಂದು ನಾವೆಲ್ಲ ಹೊರಗೆ ಕಾದೆವು. ಆಮೇಲೆ ಎಲೆ ಹಾಕಿದರು. ಅಣ್ಣ ಒಂದು ತುತ್ತು ಬಾಯಿಗಿಟ್ಟು, "ಇದೇನವ್ವ ಸಾರು! ಉಪ್ಪಿನ್ ಮೂಟೆನೇ ಸುರುದ್ಬುಟ್ಟಿದ್ದೀಯಲ್ಲ" ಎಂದ. ಅವ್ವ ತಾನೂ ತಿಂದು ನೋಡಿ ಕೈ ಎಲೆಯಲ್ಲೇ ಬಿಟ್ಟಳು.

"ನಿಂಗ್ ಗೊತ್ತಾಗಿತ್ತಾ?" ಎಂದಳು ನನ್ನ ಕಡೆ ತಿರುಗಿ.

"ಊಂ."

"ಯೋಳ್ಬಾರ್ದಾಗಿತ್ತಾ?"

"ಯೋಳೋ ಅಂಗಿತ್ತಾ ಅವ್ವ?"

ಅಣ್ಣನಿಗೆ ಏನೂ ಅರ್ಥವಾಗಲಿಲ್ಲ. ಅವ್ವ ಎಡೆ ಇಟ್ಟಿದ್ದ ಕಡೆ ನೋಡಿ, "ವರ್ಸಕ್ಕೊಂದ್ಸಲ ಉಣ್ಣಕ್ ಬರೋರು. ಉಪ್ಪುಪ್ಪು ತಿಂದು ಓದ್ರು" ಎಂದಳು. ನಾನು ಆ ಸಾರನ್ನು ಮೂರು ಸಲ ಹಾಕಿಸಿಕೊಂಡು ಉಂಡೆ.

ಈಗ ಮತ್ತೆ ಇಲ್ಲಿದ್ದೇನೆ. ಫಾರಂ ಬದಲಾಯಿಸಿಕೊಡಿ ಎಂದು ಕೇಳಬಹುದು, ಕೇಳಿಲ್ಲ. ಬೇರೆಯವಳು ಬಂದರೆ ಇಯಾನ್ ಅರ್ಧ ತಟ್ಟೆ ಹಾಗೇ ಬಿಡುತ್ತಾರೆ ಎಂದು ಕಾರಣ ಕೊಟ್ಟುಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಈ ಊರಿನಲ್ಲಿ ನನ್ನನ್ನು ಕಾಯುವವರು ಅವರೊಬ್ಬರೇ. ಅಲ್ಲಿನ ಒಲೆಯ ಮುಂದೆ ಮತ್ತೆ ನಿಲ್ಲಬಹುದೋ ಇಲ್ಲವೋ ಗೊತ್ತಿಲ್ಲ. ಅವ್ವ ಹೇಳಿಲ್ಲ, ನಾನೂ ಕೇಳಿಲ್ಲ.

ಊರಿಂದ ಬಂದ ಮೇಲೆ ಒಂದು ತಿಂಗಳು ಅವ್ವ ಆ ತಾತನ ಸುದ್ದಿಯನ್ನೇ ಎತ್ತಲಿಲ್ಲ. ಮೊನ್ನೆ ಮಂಗಳವಾರ ಬೆಳಿಗ್ಗೆ, ಮಳೆ, ಬತ್ತ, ಅಣ್ಣನ ಮಗನ ಜ್ವರ ಎಲ್ಲ ಮುಗಿದ ಮೇಲೆ ಫೋನು ಇಡುವ ಹೊತ್ತಿಗೆ ಕೇಳಿದಳು.

"ನೆನ್ನೆ ಏನ್ ಮಾಡಿದ್ದೆ ಅವ್ರಿಗೆ?"

ಆಲೂಗಡ್ಡೆ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. "ಅದೇ ಕಣವ್ವ."

ಅವ್ವ ಫೋನು ಇಡಲಿಲ್ಲ.

"ಉಪ್ಪು?"

"ಸರ್ಯಾಗಿತ್ತಂತೆ."

"ಊಂ" ಎಂದಳು ಅವ್ವ. "ಅವ್ರಾದ್ರೂ ಸರ್ಯಾಗ್ ಉಣ್ಲಿ ಬುಡು."